ಹತ್ತಲು ಮಾತ್ರ ಕಲಿತ ಮರಿಗಳು

ಹೊನ್ನೆಗುಡ್ಡದ ಕಾಡಿನಲ್ಲಿ ಮರಿಗಳಿಗೊಂದು ಶಾಲೆ ಇತ್ತು. ಗೋಡೆ ಇರಲಿಲ್ಲ. ಗಂಟೆ ಇರಲಿಲ್ಲ. ಒಂದು ನೆಲ್ಲಿಮರ, ಅದರ ಬುಡದಲ್ಲಿ ತರಗೆಲೆಯ ರಾಶಿ. ಶಾಲೆ ಎಂದರೆ ಅಷ್ಟೇ.

ಕಲಿಸುತ್ತಿದ್ದುದೂ ಒಂದೇ ವಿದ್ಯೆ, ಮರದ ವಿದ್ಯೆ. ಮಕ್ಕಳೇ, ಬೇಸಿಗೆ ಬಂದರೆ ಆ ಕಾಡಿಗೆ ಸೀಳುನಾಯಿಗಳ ಹಿಂಡು ಬರುತ್ತದೆ. ಮರ ಬಲ್ಲ ಮರಿ ಬದುಕುತ್ತದೆ. ಮರ ಅರಿಯದ ಮರಿ ಬದುಕುವುದಿಲ್ಲ. ಅದರಲ್ಲಿ ಎರಡು ಮಾತಿಲ್ಲ.

ಶಾಲೆಯ ಟೀಚರ್ ಸಿದ್ದಮ್ಮ ಎಂಬ ಮುಸುವ. ಮುಖ ಕಪ್ಪು, ಬಾಲ ಉದ್ದ, ಮಾತು ಗಿಡ್ಡ. ಅವಳ ಪಾಠಕ್ಕೆ ಮೂರು ಮಳೆಗಾಲ ಬೇಕು. ಮೊದಲ ವರ್ಷ ಮರ ಹತ್ತುವುದು. ಎರಡನೇ ವರ್ಷ ಇಳಿಯುವುದು. ಮೂರನೇ ವರ್ಷ ಕೊಂಬೆಯಿಂದ ಕೊಂಬೆಗೆ ದಾಟುವುದು. ಅವಳ ಕೈಯಲ್ಲಿ ಕಲಿತ ಮರಿ ಸೀಳುನಾಯಿಯ ಬಾಯಿಗೆ ಸಿಕ್ಕಿದ್ದಿಲ್ಲ.

ಕಾಡಿನ ಯಜಮಾನ ಜಡೆಯಪ್ಪ ಎಂಬ ಕರಡಿ. ಕೆಟ್ಟವನಲ್ಲ. ಆದರೆ ಯಾರು ಸುಮ್ಮನೆ ಕೂತಿದ್ದರೂ ಅವನಿಗೆ ಅನುಮಾನ. ಅವನ ಮಗ ಬೊಮ್ಮ ಆ ವರ್ಷ ಶಾಲೆಗೆ ಸೇರಿದ್ದ, ಹತ್ತುವುದನ್ನು ಚೆನ್ನಾಗಿ ಕಲಿಯುತ್ತಿದ್ದ.

ಒಂದು ಮಧ್ಯಾಹ್ನ ಜಡೆಯಪ್ಪ ಶಾಲೆ ನೋಡಲು ಬಂದ. ದೊಡ್ಡ ಮರಿಗಳು ನೆಲ್ಲಿಮರದಿಂದ ಮೆಲ್ಲಗೆ ಇಳಿಯುತ್ತಿದ್ದವು. ಸಿದ್ದಮ್ಮ ಒಂದು ಕೊಂಬೆಯ ಮೇಲೆ ಬಾಲ ಇಳಿಬಿಟ್ಟು ಕೂತಿದ್ದಳು.

"ಏನು ಟೀಚರಮ್ಮ, ಆರಾಮಾ?"

"ಪಾಠ ನಡೀತಿದೆ ಯಜಮಾನ್ರೇ."

"ಎಲ್ಲಿ? ನನಗೇನೂ ಕೇಳಿಸ್ತಿಲ್ಲ."

"ಕೇಳಿಸೋ ಪಾಠ ಅಲ್ಲ. ಯಾವ ಮರಿ ಕಾಲು ಎಲ್ಲಿಡುತ್ತೆ ಅಂತ ನೋಡ್ತಿದ್ದೇನೆ."

ಜಡೆಯಪ್ಪ ಮೂಗು ಮುರಿದ. ಕೂತು ನೋಡುವುದೂ ಒಂದು ಕೆಲಸವೇ? ಕೆಲಸ ಖಾಯಂ ಎಂದು ಗೊತ್ತಾದರೆ ಮೈ ಭಾರವಾಗುತ್ತದೆ. ಇದಕ್ಕೊಂದು ಮದ್ದು ಮಾಡಬೇಕು ಎಂದುಕೊಂಡ.

ಮರುವಾರವೇ ಸಭೆ ಕರೆದ. ಮಂಗಟ್ಟೆ ಹಕ್ಕಿಯ ಕೈಯಲ್ಲಿ ಹೊಸ ಕಾಯಿದೆ ಓದಿಸಿದ. ದೊಡ್ಡ ಕೊಕ್ಕಿನ ಮಂಗಟ್ಟೆ ರಾಯರು ಕಾಡಿನ ಶಾಲಾ ತನಿಖಾಧಿಕಾರಿ.

"ಪಾಠ ಹೇಳುವವರಿಗೆ ಪರವಾನಗಿ ಇರತಕ್ಕದ್ದು," ರಾಯರು ಓದಿದರು. "ಪರವಾನಗಿ ಎಂದರೆ ನನ್ನ ಕೊಕ್ಕಿನಿಂದ ತೂತು ಮಾಡಿದ ಒಂದು ತೇಗದ ಹಸಿ ಎಲೆ. ಎಲೆ ಒಣಗಿದರೆ ಪರವಾನಗಿ ಮುಗಿಯಿತು. ಒಬ್ಬರಿಗೆ ಒಂದೇ ಮಳೆಗಾಲ. ಮುಂದಿನ ಮಳೆಗಾಲಕ್ಕೆ ಬೇರೆಯವರು. ಮಳೆಗಾಲದ ಕೊನೆಗೆ ನಾನು ಬಂದು, ಮರದ ತುದಿಯಲ್ಲಿ ಎಷ್ಟು ಮರಿಗಳಿವೆ ಎಂದು ಎಣಿಸುತ್ತೇನೆ."

ಸಿದ್ದಮ್ಮ ಎದ್ದು ನಿಂತಳು. "ಪಾಠ ಮೂರು ವರ್ಷದ್ದು. ಟೀಚರ್ ಒಂದು ವರ್ಷಕ್ಕಾ?"

"ಹೊಸ ನೀರು ಬರ್ತಾ ಇರಬೇಕು ಟೀಚರಮ್ಮ," ಎಂದ ಜಡೆಯಪ್ಪ. "ನಿಂತ ನೀರು ಪಾಚಿ ಕಟ್ಟುತ್ತೆ."

"ಬೇರು ನಿಂತಲ್ಲೇ ಇರಬೇಕು ಯಜಮಾನ್ರೇ. ದಿನಾ ಕಿತ್ತು ನೆಟ್ಟರೆ ಗಿಡ ಬದುಕಲ್ಲ."

"ವಾದ ಬೇಡ. ಒಪ್ಪಿದವರು ಬಾಲ ಎತ್ತಿ!"

ಯಜಮಾನನ ಎದುರು ಬಾಲ ಇಳಿಸಿಕೊಂಡು ಕೂರುವ ಧೈರ್ಯ ಯಾರಿಗೂ ಇರಲಿಲ್ಲ. ಎಲ್ಲರೂ ಎತ್ತಿದರು. ಕರಡಿಗೆ ಇರುವುದು ಮೋಟು ಬಾಲ, ಕೂದಲಲ್ಲಿ ಕಾಣುವುದೇ ಇಲ್ಲ. "ನಾನೂ ಎತ್ತಿದ್ದೇನೆ," ಎಂದ. ನಂಬಿದರು. ಕಾಯಿದೆ ಆಯಿತು.

ಸಿದ್ದಮ್ಮ ಜಗಳ ಮಾಡಲಿಲ್ಲ. ಆ ಮಳೆಗಾಲ ಮುಗಿಸಿ, ಎರಡು ಗುಡ್ಡ ದಾಟಿ, ಬಿಳಿಕಲ್ಲು ಕಣಿವೆಗೆ ಹೋದಳು.

ಮುಂದಿನ ವರ್ಷ ಪುನುಗು ಬೆಕ್ಕು ಮೇಷ್ಟ್ರಾಗಿ ಬಂತು. ಅದರ ಮುಂದಿನ ವರ್ಷ ಉಡ. ಆಮೇಲೆ ಚಿನ್ನಪ್ಪ ಎಂಬ ಅಳಿಲು. ಇವರನ್ನು ಕಾಡಿನಲ್ಲಿ ಅತಿಥಿ ಮೇಷ್ಟ್ರು ಎಂದು ಕರೆದರು. ಅತಿಥಿಗೆ ಮಣೆ ಹಾಕುತ್ತಾರೆ, ಇಲ್ಲೇ ಇದ್ದುಬಿಡಿ ಎನ್ನುವುದಿಲ್ಲ.

ಮೂವರೂ ಮೈಗಳ್ಳರಲ್ಲ. ಶ್ರಮಪಟ್ಟು ಕಲಿಸಿದರು. ಆದರೆ ಹಿಂದಿನವರು ಏನು ಕಲಿಸಿದರು, ಎಲ್ಲಿಗೆ ನಿಲ್ಲಿಸಿದರು ಎಂದು ಹೇಳಲು ಹಿಂದಿನವರೇ ಅಲ್ಲಿ ಇರುತ್ತಿರಲಿಲ್ಲ. ಹಾಗಾಗಿ ಪ್ರತಿಯೊಬ್ಬರೂ ಮೊದಲಿನಿಂದ ಶುರು ಮಾಡಿದರು. ಮೊದಲ ಪಾಠ ಹತ್ತುವುದು. ಮಳೆಗಾಲದ ಕೊನೆಗೆ ಮಂಗಟ್ಟೆ ರಾಯರು ಬರುತ್ತಿದ್ದರು, ತುದಿಯಲ್ಲಿದ್ದ ಮರಿಗಳನ್ನು ಎಣಿಸುತ್ತಿದ್ದರು, "ಉತ್ತಮ" ಎಂದು ಹಾರಿಹೋಗುತ್ತಿದ್ದರು.

ಮರಿಗಳು ಇಳಿಯುತ್ತಿದ್ದುದು ಹೇಗೆ ಎಂದು ಕೇಳುತ್ತೀರಿ. ಇಳಿಯುತ್ತಿರಲಿಲ್ಲ. ನೆಲ್ಲಿಮರ ಗಿಡ್ಡ. ತರಗೆಲೆಯ ರಾಶಿಗೆ ದೊಪ್ಪೆಂದು ಹಾರುತ್ತಿದ್ದವು. ಮೈ ಕೊಡವಿಕೊಂಡು ಮನೆಗೆ ಹೋಗುತ್ತಿದ್ದವು. ಯಾರ ಕಣ್ಣಿಗೂ ಅದು ಬೀಳಲಿಲ್ಲ.

ಮೂರು ಬೇಸಿಗೆ ಸೀಳುನಾಯಿಗಳ ಹಿಂಡು ಹಳ್ಳದ ಆಚೆಯಿಂದಲೇ ಹೋಗಿತ್ತು. ಚಿನ್ನಪ್ಪನ ವರ್ಷದ ಬೇಸಿಗೆಯಲ್ಲಿ ಈಚೆಗೇ ಬಂದವು.

ಬೆಳಗಿನ ಹೊತ್ತು. ಐದು ಮರಿಗಳು ಹಳ್ಳದ ಹತ್ತಿರ ನೀರು ಕುಡಿಯುತ್ತಿದ್ದವು. ಬೊಮ್ಮ, ಹುಲಿಬೆಕ್ಕಿನ ಎರಡು ಮರಿ, ಪುನುಗಿನ ಎರಡು ಮರಿ. ಸಿಳ್ಳೆ ಹಾಕಿದಂಥ ಕೂಗು ಕೇಳಿಸಿತು. ಹತ್ತಿರವಿದ್ದುದು ಒಂದು ಭಾರೀ ಮತ್ತಿಮರ. ಮೊಸಳೆಯ ಚರ್ಮದಂಥ ತೊಗಟೆ, ಕೆಳಗೆಲ್ಲ ಬಂಡೆ.

ಮರಿಗಳು ಹತ್ತಿದವು. ಎಷ್ಟು ಚೆನ್ನಾಗಿ ಹತ್ತಿದವು ಎಂದರೆ, ನಾಯಿಗಳು ಬುಡಕ್ಕೆ ಬರುವಷ್ಟರಲ್ಲಿ ಐದೂ ತುದಿಯಲ್ಲಿದ್ದವು. ನಾಯಿಗಳು ಸುತ್ತು ಹಾಕಿದವು, ಸಿಳ್ಳೆ ಹಾಕಿದವು, ಬಿಸಿಲೇರಿದ ಮೇಲೆ ಬೇರೆ ಕಡೆ ಹೋದವು.

ಜಡೆಯಪ್ಪ ಓಡಿ ಬಂದ, ಹಿಂದೆಯೇ ಮಂಗಟ್ಟೆ ರಾಯರು ಹಾರಿ ಬಂದರು. ಮೇಲೆ ನೋಡಿ ಎದೆ ಉಬ್ಬಿಸಿದ.

"ನೋಡಿದಿರಾ ರಾಯರೇ? ಇದು ನಮ್ಮ ಕಾಯಿದೆ!" ಎಂದ. ಆಮೇಲೆ ಕೂಗಿದ, "ಸಾಕು ಬೊಮ್ಮ, ಇಳಿ ಮಗಾ."

"ಹೇಗಪ್ಪ?"

"ಹೇಗೆ ಅಂದ್ರೆ? ಇಳಿ!"

"ಅದನ್ನು ಹೇಳಿಕೊಟ್ಟಿಲ್ಲ."

"ನಾಲ್ಕು ವರ್ಷ ಶಾಲೆಗೆ ಹೋಗಿ ಏನೋ ಕಲಿತೆ?"

"ಹತ್ತೋದು. ನಾಲ್ಕು ಸಲ ಕಲಿತೆ."

ಜಡೆಯಪ್ಪ ಮರ ಏರಿದ. ಅರ್ಧಕ್ಕೆ ಬಂದಾಗ ಕೊಂಬೆ ಲಟಕ್ ಎಂದಿತು. ಅವನ ಭಾರಕ್ಕೆ ಮೇಲಿನ ಕೊಂಬೆ ತಡೆಯದು. ಅಲ್ಲೇ ನಿಂತು, "ನಾನು ಇಳಿಯೋ ಹಾಗೆ ಇಳಿ," ಎಂದು ಸರಸರನೆ ಇಳಿದು ತೋರಿಸಿದ. ಬೊಮ್ಮನಿಗೆ ಕಂಡಿದ್ದು ಅಪ್ಪನ ಕರಿ ಬೆನ್ನು ಮಾತ್ರ. ಜಡೆಯಪ್ಪನಿಗೆ ಇಳಿಯಲು ಬರುತ್ತಿತ್ತು, ಹೇಳಿಕೊಡಲು ಬರುತ್ತಿರಲಿಲ್ಲ. ಅವೆರಡೂ ಬೇರೆ ಬೇರೆ ವಿದ್ಯೆ ಎಂದು ಅವನಿಗೆ ಆಗಲೇ ಗೊತ್ತಾದದ್ದು.

ಹುಲಿಬೆಕ್ಕಿನ ತಾಯಿ ಮೇಲೆ ಹೋದಳು. ಮರಿಗಳು ಬಾಯಲ್ಲಿ ಕಚ್ಚಿ ತರುವಷ್ಟು ಚಿಕ್ಕವಲ್ಲ. ಅಳುತ್ತಾ ಇಳಿದು ಬಂದಳು.

"ಚಿನ್ನಪ್ಪ ಮೇಷ್ಟ್ರನ್ನ ಕರೀರಿ!" ಎಂದ ಜಡೆಯಪ್ಪ.

ಅಳಿಲು ಬಂದಿತು. ತುದಿಗೆ ಓಡಿತು. "ಹೀಗೆ ಬನ್ನಿ ಮಕ್ಕಳೇ," ಎಂದು ತಲೆ ಕೆಳಗೆ ಮಾಡಿ ಇಳಿದು ತೋರಿಸಿತು. ಅಳಿಲುಗಳು ಇಳಿಯುವುದೇ ಹಾಗೆ. ಬೊಮ್ಮ ತಲೆ ಕೆಳಗೆ ಮಾಡಿದ. ಉಗುರು ಜಾರಿತು. ಒಂದು ಕೈಗೆ ಕೊಂಬೆ ಸಿಕ್ಕಿತು, ಇಲ್ಲದಿದ್ದರೆ ಬಂಡೆಯ ಮೇಲೆ ಬೀಳುತ್ತಿದ್ದ. ಮತ್ತೆ ಮೇಲಕ್ಕೆ ಹೋಗಿ ಕಾಂಡ ತಬ್ಬಿಕೊಂಡು ಕೂತ.

"ನೀನೆಂಥ ಮೇಷ್ಟ್ರಯ್ಯ!" ಜಡೆಯಪ್ಪ ಗುಡುಗಿದ.

ಚಿನ್ನಪ್ಪ ಹೆದರಲಿಲ್ಲ. "ಹತ್ತೋದು ಎಲ್ಲರಿಗೂ ಒಂದೇ ಥರ ಯಜಮಾನ್ರೇ. ಇಳಿಯೋದು ಒಬ್ಬೊಬ್ಬರಿಗೆ ಒಂದೊಂದು ಥರ. ಯಾರ ಕಾಲು ಹೇಗೆ, ಯಾರಿಗೆ ಎಷ್ಟು ಭಯ ಅಂತ ತಿಳಿಯೋಕೇ ಒಂದು ವರ್ಷ ಬೇಕು. ನನಗೆ ತಿಳಿಯೋ ಹೊತ್ತಿಗೆ ನಿಮ್ಮ ಎಲೆ ಒಣಗಿಹೋಯ್ತು."



ಸಂಜೆಯಾಯಿತು. ಮರಿಗಳಿಗೆ ನೀರಿಲ್ಲ. ಪುನುಗಿನ ಸಣ್ಣ ಮರಿಗೆ ಅಳುವುದಕ್ಕೂ ಶಕ್ತಿ ಇರಲಿಲ್ಲ. ಜಡೆಯಪ್ಪ ಚಿನ್ನಪ್ಪನನ್ನು ಪಕ್ಕಕ್ಕೆ ಕರೆದ.

"ಸಿದ್ದಮ್ಮ ಈಗ ಎಲ್ಲಿದ್ದಾಳೆ?"

"ಬಿಳಿಕಲ್ಲು ಕಣಿವೇಲಿ."

"ಬರ್ತಾಳಾ?"

"ನೀವು ಕರೆದರೆ ಗೊತ್ತಿಲ್ಲ. ಮರಿಗಳು ಕರೀತಿವೆ ಅಂತ ಹೇಳಿ."

ಜಡೆಯಪ್ಪ ಆಗಲೇ ಹೊರಟ. ಮಂಗಟ್ಟೆ ರಾಯರು ಹಿಂದಿನಿಂದ ಹಾರಿ ಬಂದು ತೂತು ಮಾಡಿದ ಒಂದು ತೇಗದ ಎಲೆಯನ್ನು ಅವನ ಬಾಯಿಗೆ ಕೊಟ್ಟರು. "ಪರವಾನಗಿ ಇಲ್ಲದೆ ಪಾಠ ಹೇಳಿಸುವಂತಿಲ್ಲ," ಎಂದರು. ಜಡೆಯಪ್ಪ ಎರಡು ಗುಡ್ಡ ಹತ್ತಿ ಇಳಿದು, ಬೆಳಕು ಹರಿಯುವ ಹೊತ್ತಿಗೆ ಕಣಿವೆ ಸೇರಿದ.

ಅಲ್ಲಿ ಅತ್ತಿಮರದ ಕೆಳಗೆ ಸಿದ್ದಮ್ಮನ ಶಾಲೆ. ಜಡೆಯಪ್ಪ ಎಲೆಯನ್ನು ಅವಳ ಮುಂದಿಟ್ಟ.

"ಟೀಚರಮ್ಮ, ಹೊಸ ಪರವಾನಗಿ ತಂದಿದ್ದೇನೆ. ನಾನು ಅವತ್ತು ಆಡಿದ ಮಾತು..."

"ಅದಿರಲಿ. ಏನಾಯ್ತು?"

"ಮರಿಗಳು ಮರ ಹತ್ತಿ ಕೂತಿವೆ. ಇಳಿಯೋಕೆ ಬರ್ತಿಲ್ಲ. ನಮ್ಮ ಬೊಮ್ಮನೂ."

"ಎಷ್ಟು ಹೊತ್ತಾಯ್ತು?"

"ನಿನ್ನೆ ಬೆಳಗಿನಿಂದ."

"ಮರ ಯಾವುದು?"

"ಹಳ್ಳದ ಮತ್ತಿಮರ."

ಸಿದ್ದಮ್ಮ ತನ್ನ ಮರಿಗಳತ್ತ ತಿರುಗಿದಳು. "ನಾನು ಬರೋ ತನಕ ಯಾರೂ ಮರ ಮುಟ್ಟಕೂಡದು." ಅಷ್ಟು ಹೇಳಿ ಕೊಂಬೆಗೆ ಹಾರಿದಳು. ಎಲೆಯನ್ನು ತಿರುಗಿಯೂ ನೋಡಲಿಲ್ಲ. ಕರಡಿ ನೆಲದ ಮೇಲೆ ಏದುಸಿರು ಬಿಡುತ್ತಾ ಅರ್ಧ ದಾರಿಗೆ ಬರುವಷ್ಟರಲ್ಲಿ ಅವಳು ಮತ್ತಿಮರದ ಬುಡದಲ್ಲಿದ್ದಳು.

"ಬೊಮ್ಮ."

ಒಂದೇ ಮಾತು. ಮೇಲಿನಿಂದ ಉತ್ತರ ಬಂತು. "ಟೀಚರ್!"

"ಅಳಬೇಡ. ಬರ್ತಿದ್ದೇನೆ."

ಅವಳು ಹತ್ತಿ, ಬೊಮ್ಮನಿಗಿಂತ ಒಂದು ಗೇಣು ಕೆಳಗೆ ನಿಂತಳು. "ಮರ ತಬ್ಬಿಕೊ. ತಲೆ ಮೇಲಿರಲಿ. ಮೊದಲು ಎಡಗಡೆ ಹಿಂಗಾಲು ಬಿಡು."

"ಕೆಳಗಡೆ ನನಗೆ ಏನೂ ಕಾಣಿಸ್ತಿಲ್ಲ ಟೀಚರ್."

"ನಿನಗೆ ಕಾಣಬೇಕಿಲ್ಲ. ನನಗೆ ಕಾಣ್ತಿದೆ."

ಬೊಮ್ಮ ಕಾಲು ಬಿಟ್ಟ. ತೊಗಟೆ ಸಿಕ್ಕಿತು.

"ಈಗ ಬಲಗಾಲು."

ಅದೂ ಸಿಕ್ಕಿತು.

ಮೇಲೆ ಹುಲಿಬೆಕ್ಕಿನ ಮರಿ ಪಿಸುಗುಟ್ಟಿತು, "ಇವರು ಯಾರೋ? ನಾನು ಇವರನ್ನ ನೋಡೇ ಇಲ್ಲ."

"ನಮ್ಮ ಟೀಚರ್ ಕಣೋ. ಬಾಯಿ ಮುಚ್ಚಿಕೊಂಡು ಹೇಳಿದಂಗೆ ಮಾಡು," ಎಂದ ಬೊಮ್ಮ. ಅವನಿಗೆ ಆಗಲೇ ಧೈರ್ಯ ಬಂದಿತ್ತು.

ಬೊಮ್ಮ ನೆಲ ಮುಟ್ಟಿದ. ಆಮೇಲೆ ಒಂದೊಂದಾಗಿ ನಾಲ್ಕೂ ಇಳಿದವು. ಹುಲಿಬೆಕ್ಕಿನ ಮರಿಗಳಿಗೆ ಒಂದು ರೀತಿ, ಪುನುಗಿನ ಮರಿಗಳಿಗೆ ಇನ್ನೊಂದು ರೀತಿ. ಚಿನ್ನಪ್ಪ ಪಕ್ಕದ ಕೊಂಬೆಯಲ್ಲಿ ಕೂತು, ಕಣ್ಣು ಮಿಟುಕಿಸದೆ ನೋಡಿದ.

ಜಡೆಯಪ್ಪ ಬಂದು ಸೇರುವ ಹೊತ್ತಿಗೆ ಐದೂ ಮರಿಗಳು ಹಳ್ಳದಲ್ಲಿ ಮುಖ ಅದ್ದಿ ನೀರು ಕುಡಿಯುತ್ತಿದ್ದವು. ಅವನು ಮಗನನ್ನು ಮೂಸಿದ, ನೆಕ್ಕಿದ. ಆಮೇಲೆ ಸಿದ್ದಮ್ಮನ ಎದುರು ತಲೆ ತಗ್ಗಿಸಿ ನಿಂತ.

"ಇಲ್ಲೇ ಇದ್ದುಬಿಡಿ ಟೀಚರಮ್ಮ. ಕಾಯಿದೆ ತೆಗೆದು ಹಾಕ್ತೇನೆ."

"ತೆಗೆದು ಹಾಕಿ. ಆದರೆ ನಾನು ಇರೋಕಾಗಲ್ಲ."

"ಇನ್ನೂ ಸಿಟ್ಟಾ?"

"ಸಿಟ್ಟಲ್ಲ. ಅಲ್ಲಿ ನನ್ನ ಮರಿಗಳು ಎರಡನೇ ಪಾಠದಲ್ಲಿವೆ. ನಡುವೆ ಬಿಟ್ಟು ಬಂದರೆ ಅವೂ ಹೀಗೇ ಮರದ ಮೇಲೆ ಕೂರ್ತವೆ."

"ಕಣಿವೆಯವರು ನಿಮ್ಮನ್ನ ಎಷ್ಟು ವರ್ಷಕ್ಕೆ ತಗೊಂಡಿದ್ದಾರೆ?"

"ಮೂರು ಪಾಠ ಮುಗಿಯೋ ತನಕ. ಅಷ್ಟರಲ್ಲಿ ಹೊಸ ಮರಿಗಳು ಬರ್ತವೆ. ಹಾಗಾಗಿ ಮುಗಿಯೋದೇ ಇಲ್ಲ."

"ಮತ್ತೆ ನಮ್ಮ ಗತಿ?"

ಸಿದ್ದಮ್ಮ ಅಳಿಲಿನ ಕಡೆ ಗದ್ದ ಎತ್ತಿ ತೋರಿಸಿದಳು. "ಅವನು ಚೆನ್ನಾಗಿ ನೋಡ್ತಾನೆ. ಅವನನ್ನ ಇಟ್ಟುಕೊಳ್ಳಿ. ಸುಮ್ಮನೆ ಕೂತಿದ್ದರೆ ಮಾತಾಡಿಸಬೇಡಿ." ಕೊಂಬೆ ಹಿಡಿದು ಹೋದಳು.

ಅದೇ ದಿನ ಸಭೆ ಸೇರಿತು. ಜಡೆಯಪ್ಪ ಎಲ್ಲರ ಮುಂದೆ, "ತಪ್ಪು ನನ್ನದು," ಎಂದ. ಯಜಮಾನರ ಬಾಯಲ್ಲಿ ಈ ಮಾತು ಬರುವುದು ಅಪರೂಪ, ಅದಕ್ಕೇ ಬರೆದಿಡುತ್ತಿದ್ದೇನೆ. ಹಳೆಯ ಕಾಯಿದೆ ಹೋಯಿತು. ಚಿನ್ನಪ್ಪನನ್ನು ಮುಂದಕ್ಕೆ ಕರೆದರು.

"ಇವನಿಗೆ ಎಷ್ಟು ಕಾಲ ಎಂದು ಬರೆಯಲಿ?" ಮಂಗಟ್ಟೆ ರಾಯರು ಕೇಳಿದರು.

"ಹಲ್ಲು ಉದುರುವ ತನಕ ಎಂದು ಬರೀರಿ," ಎಂದ ಜಡೆಯಪ್ಪ.

ಚಿನ್ನಪ್ಪ ಮೆಲ್ಲಗೆ ಹೇಳಿದ, "ಯಜಮಾನ್ರೇ, ಅಳಿಲಿನ ಮುಂದಿನ ಹಲ್ಲು ಸಾಯೋ ತನಕ ಬೆಳೀತಾನೇ ಇರುತ್ತೆ."

"ಗೊತ್ತಿದ್ದೇ ಹೇಳಿದೆ. ಹೋಗು, ಮರಿಗಳು ಕಾಯ್ತಿವೆ."

ನೀತಿ: ಒಳ್ಳೆಯ ಮೇಷ್ಟ್ರನ್ನು ಹುಡುಕಿ ತಂದರೆ ಸಾಲದು, ಉಳಿಸಿಕೊಳ್ಳಬೇಕು. ವರ್ಷಕ್ಕೊಬ್ಬರನ್ನು ಬದಲಿಸುವ ಶಾಲೆಯಲ್ಲಿ ಮಕ್ಕಳು ಮೊದಲ ಪಾಠ ದಾಟುವುದಿಲ್ಲ.