ಯಾರದೋ ತೋಟ

ಮಾಚನದುರ್ಗದ ಬೆಟ್ಟದ ತಪ್ಪಲಲ್ಲಿ ನಾಲ್ಕೂ ಕಡೆ ಕಲ್ಲುಗೋಡೆ ಎದ್ದ ಒಂದು ಹಳೆಯ ತೋಟವಿದೆ. ಗೋಡೆ ಎರಡಾಳು ಎತ್ತರ. ಬಾಗಿಲು ಮಾತ್ರ ಎಷ್ಟು ಗಿಡ್ಡವೆಂದರೆ ಎಂಥವರೂ ಬಗ್ಗಿಯೇ ಒಳಗೆ ಹೋಗಬೇಕು. ಹೊರಗೆ ಬಂಡೆಗಳು ಕಾದ ಹೆಂಚಿನಂತಿದ್ದರೂ ಒಳಗೆ ಕಾಲಿಟ್ಟ ಕೂಡಲೇ ಮೈಗೆ ತಂಪು ತಾಗುತ್ತದೆ. ನಡುವೆ ಒಂದು ದುಂಡು ಬಾವಿ, ಅದರ ಸುತ್ತ ಬಳೆಯಂತೆ ಒಂಬತ್ತು ಮಾವಿನ ಮರಗಳು. ಬೇಸಗೆ ಬಂತೆಂದರೆ ಸುತ್ತಲಿನವರು ಬುತ್ತಿ ಕಟ್ಟಿಕೊಂಡು ಬಂದು ಇಲ್ಲಿ ಒಂದು ಹಗಲು ಕಳೆಯುತ್ತಾರೆ. ಬಾಗಿಲ ಪಕ್ಕದ ನೀಲಿ ಫಲಕದಲ್ಲಿ ‘ಅರಮನೆ ತೋಟ’ ಎಂದಿದೆ. ಆ ಹೆಸರು ಹೇಳಿ ದಾರಿ ಕೇಳಿದರೆ ಊರಿನವರಿಗೆ ತಿಳಿಯದು. ಅವರಿಗೆ ಅದು ಯಾರದೋ ತೋಟ. ಹೊಸಬರು ಇದನ್ನು ಕೇಳಿ, ಪಾಪ, ಇವರಿಗೆ ಒಡೆಯ ಯಾರೆಂದೇ ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ಹಾಗಲ್ಲ, ಅದೇ ಅದರ ಹೆಸರು.

ಹಿಂದೆ ಒಮ್ಮೆ, ದುರ್ಗವನ್ನು ಪಾಳೆಯಗಾರರು ಆಳುತ್ತಿದ್ದಾಗ, ಈ ತೋಟ ಅರಮನೆಯ ಹೆಂಗಸರದ್ದಾಗಿತ್ತು. ಮನೆಗೆ ಸೊಸೆಯಾಗಿ ಬಂದವಳಿಗೆ ಒಂಬತ್ತರಲ್ಲಿ ಒಂದು ಮರವನ್ನು ಬಿಟ್ಟುಕೊಟ್ಟು, ಅವಳ ಧಾರೆಸೀರೆಯ ಸೆರಗಿನಿಂದ ಒಂದು ಚೂರು ಹರಿದು ಕೊಂಬೆಗೆ ಕಟ್ಟುತ್ತಿದ್ದರು. ಆ ಬಟ್ಟೆಯೇ ಗುರುತು. ವೈಶಾಖದಲ್ಲಿ ಒಂದೇ ಒಂದು ದಿನ ಅವರೆಲ್ಲ ಮುಚ್ಚಿದ ಮೇನೆಗಳಲ್ಲಿ ಬಂದಿಳಿದು, ಮುಸುಕು ಹಾಕಿಕೊಂಡು ತೋಟಿಗನ ಹಿಂದೆ ನಡೆದು, ಅವನು ತೋರಿಸಿದ ಮರದ ಕೆಳಗೆ ಕೂತು ಹಣ್ಣು ತಿನ್ನುತ್ತಿದ್ದರು. ಇನ್ನೊಬ್ಬಳ ಮರದ ಹಣ್ಣು ತಿಂದರೆ ಅವಳ ಹಣೆಬರಹ ಅಂಟಿಕೊಳ್ಳುತ್ತದೆ ಎಂಬ ಹೆದರಿಕೆ ಇತ್ತು. ಇದಕ್ಕಿಂತ ಕಠಿಣವಾದ ಕಟ್ಟಳೆ ಇನ್ನೊಂದಿತ್ತು. ಸೊಸೆಯ ಮರ ಸಾಲಾಗಿ ಮೂರು ಬೇಸಗೆ ಕಾಯಿ ಬಿಡದಿದ್ದರೆ ಅವಳೂ ಬಂಜೆಯೆಂದು ತವರಿಗೆ ಕಳಿಸಿ ಮಗನಿಗೆ ಬೇರೆ ಹೆಣ್ಣು ತರುತ್ತಿದ್ದರು. ಆಗ ಎಲ್ಲರಿಗಿಂತ ಕಿರಿಯ ಸೊಸೆ ಲಕುಮಾಜಿ. ಅವಳ ಮರ ಎರಡು ಬೇಸಗೆ ಬರಿದಾಗಿತ್ತು.

ತೋಟ ನೋಡಿಕೊಳ್ಳುತ್ತಿದ್ದ ಈರಕ್ಯಾತ ಆ ವರ್ಷ ಚಳಿಗಾಲದಲ್ಲಿ ತೀರಿಕೊಂಡ. ಯಾವ ಮರ ಯಾರದೆಂದು ಬಲ್ಲವನು ಅವನೊಬ್ಬನೇ. ಅವನ ಹೆಂಡತಿ ದ್ಯಾವಕ್ಕ ಮೂವತ್ತು ವರ್ಷ ಆ ಮರಗಳಿಗೆ ನೀರು ಹಾಯಿಸಿದವಳು, ಆದರೆ ಹೆಂಗಸರು ಬರುವ ದಿನ ಅವಳ ಕೆಲಸ ಗೋಡೆಯಾಚೆ ಅಡುಗೆಯ ಒಲೆಯ ಮುಂದೆ. ಈಗ ತೋಟದ ಹೊಣೆ ಅವಳ ತಲೆಗೆ ಬಂತು. ದೊರೆಸಾನಿಯರು ಬರುವ ಹಿಂದಿನ ದಿನ ಬಾಗಿಲಿಗೆ ಸುಣ್ಣ ಬಳಿದಳು, ಬಾವಿಕಟ್ಟೆ ತಿಕ್ಕಿದಳು, ತರಗೆಲೆ ಗುಡಿಸಿದಳು. ಕೊನೆಗೆ ತಲೆಯೆತ್ತಿ ನೋಡಿದರೆ ಕೊಂಬೆಯ ಬಟ್ಟೆಗಳು ಮಸಿ ಹಿಡಿದು, ಹಕ್ಕಿಯ ಹಿಕ್ಕೆ ಒಣಗಿ, ನೋಡಲಾಗದಂತಿದ್ದವು. ಅಷ್ಟು ದೊಡ್ಡವರ ಸೆರಗನ್ನು ಈ ಗತಿಯಲ್ಲಿ ಇಟ್ಟಿದ್ದೇವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಒಂಬತ್ತನ್ನೂ ಬಿಚ್ಚಿದಳು. ಯಾವುದು ಯಾವ ಕೊಂಬೆಯದೆಂದು ಬಣ್ಣದ ಮೇಲೆ ನೆನಪಿಟ್ಟುಕೊಂಡಳು: ಬಾಗಿಲ ಎಡಕ್ಕೆ ಹಸಿರು, ಆಮೇಲೆ ಅರಿಸಿನ, ಆಮೇಲೆ ಕುಸುಬೆಯ ಕೆಂಪು. ಹಂಡೆಯಲ್ಲಿ ನೀರು ಕುದಿಸಿ, ಕೊಳೆ ಬಿಡಿಸುವ ಚೌಳುಮಣ್ಣು ಹಾಕಿ, ಎಲ್ಲವನ್ನೂ ಒಟ್ಟಿಗೆ ಬೇಯಿಸಿದಳು. ಕೋಲಿನಿಂದ ಎತ್ತಿದಾಗ ಕುಸುಬೆಯ ಕೆಂಪು ಎಲ್ಲದಕ್ಕೂ ಹತ್ತಿ, ಉಳಿದ ಬಣ್ಣಗಳು ಬಿಟ್ಟುಹೋಗಿ, ಒಂಬತ್ತೂ ಒಂದೇ ತೆರನಾಗಿ ಮಾಸಲು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು.

ಗಾಬರಿಯಲ್ಲಿ ದ್ಯಾವಕ್ಕನಿಗೆ ಕೊಂಬೆಗಳ ಬಣ್ಣದ ಸಾಲೂ ಮರೆತುಹೋಯಿತು. ಒಂದೊಂದನ್ನೂ ಬಿಸಿಲಿಗೆ ಹಿಡಿದಳು, ಮೂಸಿದಳು, ನೇಯ್ಗೆಯನ್ನು ಬೆರಳಿನಿಂದ ಸವರಿದಳು. ಇದು ಹಸಿರಿನದಿರಬೇಕು ಎನ್ನಿಸಿತು. ಮರುಗಳಿಗೆಗೆ ಅಲ್ಲ, ಅದು ಎನ್ನಿಸಿತು. ಗಂಡ ಲಕುಮಾಜಿಯ ಮರ ಬಾವಿಯ ಆಚೆಗಿದೆ ಎಂದಿದ್ದನೇ, ಈಚೆಗಿದೆ ಎಂದಿದ್ದನೇ? ದುಂಡು ಬಾವಿಗೆ ಆಚೆ ಯಾವುದು, ಈಚೆ ಯಾವುದು? ಆ ವರ್ಷ ಒಂಬತ್ತರಲ್ಲಿ ಒಂದು ಮರ ಮಾತ್ರ ಬರಿದಾಗಿತ್ತು. ಅದು ಆ ಹುಡುಗಿಯದೇ ಇರಬೇಕೆಂದುಕೊಂಡಳು. ಆದರೆ ಹೋದ ವರ್ಷ ಮೂರು ಮರ ಬರಿದಾಗಿದ್ದವು, ಅದರ ಹಿಂದಿನ ವರ್ಷ ನಾಲ್ಕು. ಯಾವುವೆಂದು ಯೋಚಿಸಿದಷ್ಟೂ ಕಲಸಿಹೋಯಿತು. ಕೈಗೆ ಸಿಕ್ಕ ಬಟ್ಟೆಯನ್ನು ಸಿಕ್ಕ ಕೊಂಬೆಗೆ ಕಟ್ಟಿ ಸುಮ್ಮನಾದಳು.

ಮರುದಿನ ಮೇನೆಗಳು ಇಳಿದವು. ಹೆಂಗಸರು ಮುಸುಕಿನೊಳಗಿಂದ ಕೊಂಬೆಗಳನ್ನು ನೋಡಿ ನಿಂತಲ್ಲೇ ನಿಂತರು. ತನ್ನ ಮರವೇ ತನಗೆ ಗೊತ್ತಿಲ್ಲವೆಂದು ಹೇಳಲು ಯಾರಿಗೂ ಮನಸ್ಸಿಲ್ಲ. ಕಡೆಗೆ ಮೂವರು ಒಂದೇ ಮರದ ಕೆಳಗೆ ಹೋಗಿ ಕೂತರು. ಅದರ ಹಣ್ಣು ಎಲ್ಲಕ್ಕಿಂತ ದೊಡ್ಡದು.

“ಇದು ನನ್ನದು. ಇದರ ವಾಸನೆ ನನಗೆ ಗೊತ್ತು,” ಎಂದಳು ಒಬ್ಬಳು.

“ನಿನಗೆ ನೆಗಡಿ ಹಿಡಿದು ಎಂಟು ದಿನ ಆಯ್ತು, ಯಾವ ವಾಸನೆಯೇ ನಿನಗೆ?” ಎಂದಳು ಅವಳ ಓರಗಿತ್ತಿ.

ಹಿರಿಯ ದೊರೆಸಾನಿ ತಿಮ್ಮಾಜಮ್ಮ ಎಲ್ಲರಿಗೂ ಅತ್ತೆ. ಅವಳು ಬಾವಿಯನ್ನು ಎರಡು ಸುತ್ತು ಬಂದು ಬರಿದಾದ ಮರದ ಮುಂದೆ ನಿಂತಳು. ಲಕುಮಾಜಿ ಬಾಗಿಲ ಹತ್ತಿರವೇ ಉಳಿದಿದ್ದಳು.

“ಬಟ್ಟೆಗೆ ಏನು ಮಾಡಿದೆಯೇ ದ್ಯಾವಿ?”

“ಒಗೆದೆ, ಅಮ್ಮಾವ್ರೇ.”

“ಒಗೆದೆ,” ಎಂದಳು ತಿಮ್ಮಾಜಮ್ಮ. “ಆಯ್ತು. ಇದು ಕಿರಿಯವಳ ಮರ ತಾನೇ? ಹೌದು ಅಂದುಬಿಡು, ಒಗೆದದ್ದನ್ನು ಮರೀತೀನಿ. ತೋಟ ನಿನಗೇ ಇರಲಿ. ಗೊತ್ತಿಲ್ಲ ಅಂದೆಯೋ, ಇವತ್ತೇ ಗಂಟುಮೂಟೆ ಕಟ್ಟು.”

ಹೌದು ಎಂಬ ಮಾತು ದ್ಯಾವಕ್ಕನ ನಾಲಿಗೆಯ ತುದಿಗೆ ಬಂತು. ಅವಳು ಹುಟ್ಟಿದ ಊರು ಎಂಟು ದಿನದ ದಾರಿ. ಅಲ್ಲಿ ಗುರುತಿನವರು ಒಬ್ಬರೂ ಉಳಿದಿರಲಿಲ್ಲ. ಹೌದು ಎಂದರೆ ನಿಜವೇ ಇದ್ದರೂ ಇರಬಹುದು. ಆದರೆ ಬಾಗಿಲ ಹತ್ತಿರ ನಿಂತ ಆ ಹುಡುಗಿಯನ್ನು ನೋಡಿದಾಗ, ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

“ಯಾರದೋ, ಅಮ್ಮಾವ್ರೇ,” ಎಂದಳು.

“ಯಾರದೋ ಅಂದರೆ? ನನ್ನದೂ ಇರಬಹುದೇನು?”

ದ್ಯಾವಕ್ಕ ಮರವನ್ನು ಬುಡದಿಂದ ತುದಿಯವರೆಗೆ ಇನ್ನೊಮ್ಮೆ ನೋಡಿದಳು. “ಇರಬಹುದು,” ಎಂದಳು.

ದೊಡ್ಡ ಹಣ್ಣಿನ ಮರದ ಕೆಳಗಿದ್ದ ಮೂವರೂ ಸೆರಗನ್ನು ಬಾಯಿಗೊತ್ತಿಕೊಂಡರು. ತಿಮ್ಮಾಜಮ್ಮ ಎಂಟು ಗಂಡುಮಕ್ಕಳನ್ನು ಹೆತ್ತವಳು. ಈ ಮರ ಅವಳದೇ ಆಗಿದ್ದರೆ ಕಟ್ಟಳೆಗೆ ಅರ್ಥವೇನು? ಅಲ್ಲವೆಂದರೆ, ಅಲ್ಲವೆಂದು ಹೇಳುವವರು ಯಾರು? ಅವಳು ಆ ಮರದ ಬುಡದಲ್ಲೇ ಕೂತಳು. ಕಾಲಿನ ಮೇಲೆ ಸೀರೆ ಎಳೆದುಕೊಂಡು, ಬಾಗಿಲ ಕಡೆ ತಿರುಗಿ, “ಅಲ್ಲಿ ಬಿಸಿಲಿನಲ್ಲಿ ಯಾಕೆ ನಿಂತಿದ್ದೀಯೇ? ಯಾವುದೋ ಒಂದು ಹಣ್ಣು ಕಿತ್ತುಕೊಂಡು ಬಾ, ನನಗೂ ಒಂದು ತಾ,” ಎಂದಳು.

ಆಮೇಲೆ ಆ ತೋಟದಲ್ಲಿ ಯಾರೂ ಕೊಂಬೆಗೆ ಬಟ್ಟೆ ಕಟ್ಟಲಿಲ್ಲ, ಯಾರನ್ನೂ ತವರಿಗೆ ಕಳಿಸಲಿಲ್ಲ ಎನ್ನುತ್ತಾರೆ. ದ್ಯಾವಕ್ಕ ತೋಟದಲ್ಲೇ ಮುದುಕಿಯಾದಳು. ಲಕುಮಾಜಿಗೆ ಮುಂದೆ ಮಕ್ಕಳಾದವು ಎಂದು ಕೆಲವರು, ಆಗಲಿಲ್ಲ ಎಂದು ಕೆಲವರು. ತಿಮ್ಮಾಜಮ್ಮನಿಗೆ ತನ್ನ ಮರ ಚೆನ್ನಾಗಿ ಗೊತ್ತಿತ್ತು, ಸುಮ್ಮನೆ ಕೇಳಿದಳು ಎಂಬ ಮಾತೂ ಇದೆ. ಯಾವುದು ಸರಿಯೋ ಹೇಳಬಲ್ಲವರಿಲ್ಲ.

ಹಳೆಯ ಮರಗಳು ಬಿದ್ದಲ್ಲೇ ಹೊಸವು ಎದ್ದಿವೆ. ಈಗಲೂ ಪ್ರತಿ ಬೇಸಗೆ ಒಂಬತ್ತರಲ್ಲಿ ಯಾವುದೋ ಒಂದು ಮರ ಕಾಯಿ ಬಿಡುವುದಿಲ್ಲ. ಕಾಯಿಯಿಲ್ಲದ ವರ್ಷ ಎಲೆ ಒತ್ತಾಗಿರುತ್ತದೆ. ನೆರಳು ಗಟ್ಟಿ, ನೊಣ ಕಡಿಮೆ, ತಲೆಯ ಮೇಲೆ ಹಣ್ಣು ಬೀಳುವ ಭಯವಿಲ್ಲ. ಹಾಗಾಗಿ ಎಳೆಮಕ್ಕಳ ತಾಯಂದಿರು ಬಾಗಿಲು ದಾಟಿದೊಡನೆ ಮೊದಲು ಆ ಮರವನ್ನು ಹುಡುಕುತ್ತಾರೆ, ಜೋಲಿ ಕಟ್ಟಲು ಅಲ್ಲಿ ಕೊಂಬೆ ಸಿಗದೆ ಜಗಳವನ್ನೂ ಆಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹೋದರೆ ನಾಲ್ಕೈದು ಕೂಸುಗಳು ಅದರ ಕೆಳಗೆ ತೂಗುತ್ತಾ ಮಲಗಿರುವುದು ಕಾಣುತ್ತದೆ.