ನಡುವಿನ ಕುರ್ಚಿ

ನಮ್ಮೂರಿನ ಸೇವಾ ಸಂಘ ಪ್ರತಿವರ್ಷ ಊರಿನ ಡಾಕ್ಟರು, ವಕೀಲರು, ಎಂಜಿನಿಯರುಗಳಿಗೆ ನಾಯಕತ್ವ ತರಬೇತಿ ಶಿಬಿರ ನಡೆಸುತ್ತದೆ. ಏಳು ವರ್ಷದಿಂದ ಅದರ ಓಡಾಟವೆಲ್ಲ ಸಂಘದ ಗುಮಾಸ್ತೆಯದು. ಆದರೆ ಒಂದು ಗ್ರೂಪ್ ಫೋಟೋದಲ್ಲೂ ಅವಳಿಲ್ಲ. ಪ್ರತಿಸಲ ನಡುವಿನ ಕುರ್ಚಿ ಕಂಡಾಗ ಅವಳ ಹೊಟ್ಟೆ ಉರಿಯುತ್ತಿತ್ತು.

ಈ ಸಲ ಕೊನೆಯ ದಿನ ಆ ಕುರ್ಚಿಗೆ ಇಬ್ಬರು ಗಂಟುಬಿದ್ದರು. "ನಡುವೆ ನಾನು ಕೂರಬೇಕು. ಇಲ್ಲದಿದ್ರೆ ನಿನ್ನ ಕೆಲಸ ಇರಲ್ಲ, ನೋಡಮ್ಮ," ಎಂದರು ದಂತವೈದ್ಯ ಗುರುಸಿದ್ದಪ್ಪನವರು. ವಕೀಲ ಶ್ರೀಕಂಠಯ್ಯನವರೂ ಬಂದು ಅದನ್ನೇ ಹೇಳಿದರು, ಇನ್ನೂ ಜೋರಾಗಿ.

"ಆಗಲಿ ಸಾರ್," ಎಂದಳು ಇಬ್ಬರಿಗೂ.

ಫೋಟೋದವನು ಸಜ್ಜಾದಾಗ ಗುಮಾಸ್ತೆ ರಿಜಿಸ್ಟರ್ ತೆರೆದು ಎಲ್ಲರಿಗೂ ಕೇಳುವಂತೆ ಹೇಳಿದಳು: "ನಡುವೆ ಕೂತವರ ಹೆಸರಿಗೇ ಮುಂದಿನ ಶಿಬಿರದ ಕೆಲಸ ಬರ್ಕೋತೀನಿ. ಹಾಲ್ ಹಿಡಿಯೋದು, ಅಡುಗೆಯವರನ್ನ ಒಪ್ಪಿಸೋದು, ಬರಲ್ಲ ಅನ್ನೋ ಮುಖ್ಯ ಅತಿಥಿ ಮನೆಗೆ ನಾಲ್ಕು ಸಲ ಅಲೆಯೋದು. ಯಾರು ಕೂರ್ತೀರಿ?"

"ಡಾಕ್ಟ್ರೇ, ನೀವು ಹಿರಿಯರು," ಎಂದರು ವಕೀಲರು.

"ಛೇ ಛೇ, ನೀವಿರುವಾಗ ನಾನೇ?"

ಕುರ್ಚಿ ಖಾಲಿ ಉಳಿಯಿತು. "ಹಾಗಾದ್ರೆ ಕೆಲಸ ನನ್ನದೇ," ಎಂದು ಗುಮಾಸ್ತೆ ಸೆರಗು ಸರಿಮಾಡಿಕೊಂಡು ಕೂತುಬಿಟ್ಟಳು.

ಫೋಟೋ ಈಗ ಸಂಘದ ಗೋಡೆಯ ಮೇಲಿದೆ. ಅದರಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಡಾಕ್ಟರು ಮತ್ತು ವಕೀಲರು ಮಾತ್ರ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದಾರೆ.