ದಾರದ ಉಸಿರು

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಏಳು ಕ್ಷೇತ್ರ ಸುತ್ತಿ ಬಂದೆ. ಆದರೂ ಕಣ್ಣು ಮುಚ್ಚಿ ಕುಳಿತರೆ ಒಳಗಿನಿಂದ ಒಂದು ಮಾತೂ ಕೇಳಿಸದು. ಒಳಗೆ ಏನೂ ಇಲ್ಲವೋ ಏನೋ ಎಂದು ಭಯವಾಗುತ್ತದೆ. ಎಲ್ಲ ಬಿಟ್ಟು ಮನೆಗೆ ಹೋಗಿಬಿಡಲೇ?”

ಹೀಗೆಂದು ಅವನು ನಮಸ್ಕರಿಸಿದಾಗ ಕೊರಳಿನ ಏಳು ಜಪಮಾಲೆಗಳು ನೆಲಕ್ಕೆ ತಾಗಿ ಸದ್ದು ಮಾಡಿದವು.

ಗುರು ಹೇಳಿದ: “ಒಳಗಿನ ಸುದ್ದಿಗೆ ಸರಿಯಾದ ಜಾಗಕ್ಕೇ ಬಂದೆ. ನಾನೊಮ್ಮೆ ಉಸಿರು ಕಟ್ಟಿ ಕುಳಿತಾಗ ಸುತ್ತಲ ಮೂರು ಊರಿನ ಗಾಳಿಪಟಗಳು ನೆಲಕ್ಕೆ ಬಿದ್ದವು. ಊರವರು ಬಂದು ಕಾಲು ಹಿಡಿದ ಮೇಲೆಯೇ ಉಸಿರು ಬಿಟ್ಟದ್ದು. ಇರಲಿ, ನನ್ನ ದೊಡ್ಡಸ್ತಿಕೆ ನಾನೇ ಹೇಳಿಕೊಳ್ಳಬಾರದು. ನನಗಿಂತ ಸ್ವಲ್ಪ ಸಣ್ಣವನೊಬ್ಬನ ಕತೆ ಕೇಳು.”

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದು, ಯಮನ ಹೊಸ್ತಿಲು ಮುಟ್ಟಿ ಹಿಂದಿರುಗಿದ್ದ. ಹೆಂಡತಿ ಅವನಿಗೊಂದು ಸ್ಮಾರ್ಟ್‌ವಾಚ್ ತರಿಸಿಕೊಟ್ಟಳು. ಅದರ ಅಡಿಯಿಂದ ಹೊರಟ ಬೆಳಕು ಚರ್ಮದೊಳಗೆ ಹೋಗಿ, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆಯೆಂದು ನೋಡಿ ಬರುತ್ತಿತ್ತು. ಮೊದಲ ದಿನ ನೂರಕ್ಕೆ ತೊಂಬತ್ತಾರು ಬಂತು. ವ್ಯಾಪಾರಿ ಸಂತೋಷದಿಂದ ದೇವಸ್ಥಾನಕ್ಕೆ ಹೋಗಿ ಕೈಗೆ ದಾರ ಕಟ್ಟಿಸಿಕೊಂಡ. ಮರುದಿನ ಇನ್ನೊಂದು ದೇವಸ್ಥಾನ, ಇನ್ನೊಂದು ದಾರ.

ಒಂದು ಬೆಳಿಗ್ಗೆ ವಾಚಿನಲ್ಲಿ ಅಂಕಿ ಬರಲಿಲ್ಲ. ಎರಡು ಸಣ್ಣ ಗೆರೆ ಮಾತ್ರ ಇದ್ದವು.

“ನನ್ನ ಆಕ್ಸಿಜನ್ ಮುಗಿಯಿತು ಕಣೇ!” ಎಂದು ಕೂಗಿದ.

“ಮುಗಿದವರು ಬೀದಿಗೆಲ್ಲ ಕೇಳಿಸುವ ಹಾಗೆ ಕೂಗುವುದಿಲ್ಲ ರೀ. ಬಂದು ತಿಂಡಿ ತಿನ್ನಿ” ಎಂದಳು ಹೆಂಡತಿ.

ಅವನಿಗೆ ನಗು ಬರಲಿಲ್ಲ. ವಾಚನ್ನು ಚಾರ್ಜಿಗೆ ಹಾಕಿದ. ಆಫ್ ಮಾಡಿ ಆನ್ ಮಾಡಿದ. ಕೈ ಉಜ್ಜಿ ಬೆಚ್ಚಗೆ ಮಾಡಿದ. ಬೆಲ್ಟು ಬಿಗಿದ. ಗೆರೆಗಳು ಹೋಗಲಿಲ್ಲ. ಅಂಗಡಿಯ ಮೆಟ್ಟಿಲು ಹತ್ತಲೂ ಹೆದರಿ ಮನೆಯಲ್ಲೇ ಉಳಿದ. ಗೆರೆ ಕಂಡ ದಿನವೆಲ್ಲ ಹರಕೆ ಹೊತ್ತು ಇನ್ನೊಂದು ದಾರ ಕಟ್ಟಿಸಿಕೊಂಡ.

ಕಡೆಗೆ ವಾಚ್ ರಿಪೇರಿಯವನ ಬಳಿ ಹೋದ. ಅವನು ಕೈಯನ್ನು ತಿರುಗಿಸಿ ನೋಡಿದ.

“ಸಾಹುಕಾರರೇ, ವಾಚಿನ ಅಡಿಯೆಲ್ಲ ದಾರ. ಬೆಳಕು ಅದರಲ್ಲೇ ಸಿಕ್ಕಿಕೊಂಡಿದೆ. ಪಾಪ, ವಾಚು ದಾರದ ಉಸಿರು ಹುಡುಕುತ್ತಾ ಕೂತಿದೆ.”

ವ್ಯಾಪಾರಿ ಕೈ ಹಿಂದಕ್ಕೆಳೆದುಕೊಂಡ. “ಕತ್ತರಿ ಹಾಕಬೇಡಪ್ಪ. ಎಲ್ಲಕ್ಕಿಂತ ಅಡಿಯದು ನಾನು ಆಸ್ಪತ್ರೆಯಲ್ಲಿದ್ದಾಗ ನನ್ನವಳು ಕಟ್ಟಿದ್ದು.”

“ಕತ್ತರಿ ಯಾಕೆ? ದಾರ ಇದ್ದಲ್ಲೇ ಇರಲಿ. ವಾಚನ್ನು ದಾರಕ್ಕಿಂತ ಎರಡು ಬೆರಳಷ್ಟು ಮೇಲೆ, ಬರಿಯ ಚರ್ಮದ ಮೇಲೆ ಕಟ್ಟೋಣ. ಅಲುಗದೆ ಕೂತಿರಿ.”

ವ್ಯಾಪಾರಿ ಅಲುಗಲಿಲ್ಲ. ಭಯಕ್ಕೆ ಉಸಿರನ್ನೂ ಬಿಗಿಹಿಡಿದ.

“ಉಸಿರಾಡಿ ಸ್ವಾಮಿ! ಅಳೆಯುತ್ತಿರುವುದು ಅದನ್ನೇ!”

ವ್ಯಾಪಾರಿ ಉಸಿರು ಬಿಟ್ಟ, ಎಳೆದುಕೊಂಡ. ಸ್ವಲ್ಪ ಹೊತ್ತಿಗೆ ಅಂಕಿ ಬಂತು. ತೊಂಬತ್ತಾರು. ಅಷ್ಟು ದಿನವೂ ಅದು ಅಷ್ಟೇ ಇತ್ತು. ವ್ಯಾಪಾರಿ ಅಲ್ಲಿಂದ ನೇರ ತನ್ನ ಅಂಗಡಿಗೆ ಹೋಗಿ ಮೆಟ್ಟಿಲು ಹತ್ತಿದ.

ಶಿಷ್ಯ ಸ್ವಲ್ಪ ಯೋಚಿಸಿ ಕೇಳಿದ: “ಹಾಗಾದರೆ ದಾರ ಕಟ್ಟಿಸಿಕೊಂಡದ್ದೇ ತಪ್ಪೇ, ಗುರುಗಳೇ?”

ಗುರು ಹೇಳಿದ: “ಎದೆಯ ಮೇಲೆ ಕೈಯಿಡು, ಎಷ್ಟು ಮಾಲೆ ದಾಟಿದ ಮೇಲೆ ಎದೆ ಸಿಕ್ಕಿತು, ಹೇಳು.”